ಬೆಳ್ಳಗಿರುವುದೆಲ್ಲ ಹಾಲಲ್ಲ: ಮೊಬೈಲ್‌ನಲ್ಲಿ ಕೊಳ್ಳುವ ಮುನ್ನ



ಡೇರಿಯಲ್ಲಿ ಬಣ್ಣ ನೋಡಿ ಯಾರೂ ಹಾಲಿಗೆ ದರ ಕಟ್ಟುವುದಿಲ್ಲ. ಫ್ಯಾಟ್ ನೋಡುತ್ತಾರೆ, ಎಸ್‌ಎನ್‌ಎಫ್ ನೋಡುತ್ತಾರೆ, ಆಮೇಲೆ ಚೀಟಿ ಕೊಡುತ್ತಾರೆ. ಹೀಗೆ ಪರೀಕ್ಷೆ ಮಾಡಿಸಿ ಗಳಿಸಿದ ದುಡ್ಡನ್ನು ನಾವು ಮಾತ್ರ ಮೊಬೈಲ್‌ನಲ್ಲಿ ಕಂಡ ಒಂದು ಚಿತ್ರ ನಂಬಿ ಕೊಟ್ಟುಬಿಡುತ್ತೇವೆ. ನಾನೂ ಕೊಟ್ಟಿದ್ದೇನೆ.

ಹೋದ ಮಳೆಗಾಲದಲ್ಲಿ ರಾತ್ರಿ ಕರೆಂಟ್ ಹೋದಾಗ ದನದ ಕೊಟ್ಟಿಗೆಗೆ ಬೇಕೆಂದು ₹499ಕ್ಕೆ ಎರಡು ಚಾರ್ಜಿಂಗ್ ದೀಪ ತರಿಸಿದೆ. ಪಾರ್ಸೆಲ್ ಬಂದಾಗ ನಗದು ಕೊಟ್ಟೆ. ಮೂರು ರಾತ್ರಿ ಉರಿದವು, ನಾಲ್ಕನೆಯ ರಾತ್ರಿ ಇಲ್ಲ. ಪೆಟ್ಟಿಗೆಯ ಮೇಲೆ ವಿಳಾಸವಿರಲಿಲ್ಲ, ಒಳಗೆ ಬಿಲ್ ಇರಲಿಲ್ಲ, ಫೋನ್ ನಂಬರ್ ಬಂದ್ ಆಗಿತ್ತು. ಮನೆಯಲ್ಲಿ ಬೈಯ್ಯುತ್ತಾರೆಂದು ಸುಮ್ಮನಿದ್ದೆ. ತಿಂಗಳಾದ ಮೇಲೆ ಗೊತ್ತಾಯಿತು, ನನ್ನ ನಂತರ ಪಕ್ಕದ ಮನೆಯಾಕೆಯೂ ಅದೇ ದೀಪ ತರಿಸಿದ್ದಳು. ನಾನು ಬಾಯಿ ಬಿಟ್ಟಿದ್ದರೆ ಆಕೆಯ ₹499 ಉಳಿಯುತ್ತಿತ್ತು.

ಅಗ್ಗವಾದದ್ದೆಲ್ಲ ಮೋಸ ಎಂದು ನಾನು ಹೇಳುವುದಿಲ್ಲ. ಒಂದು ಚಾರ್ಜರ್ ತರಲು ದಿನದ ಕೆಲಸ ಬಿಟ್ಟು ಮೀರಜ್‌ಗೋ ಅಥಣಿಗೋ ಹೋಗುವ ಬದಲು ಮನೆಯಲ್ಲೇ ಕೂತು ತರಿಸುವುದು ನಮಗೂ ಅನುಕೂಲವೇ. ಆದರೆ ‘ಎಷ್ಟು ಅಗ್ಗ?’ ಎನ್ನುವ ಮೊದಲು ‘ವಸ್ತು ಕೆಟ್ಟರೆ ಈ ಮನುಷ್ಯ ನಾಳೆ ಸಿಗುತ್ತಾನೆಯೇ?’ ಎಂದು ಕೇಳಬೇಕು. ಡೇರಿಯ ಕಾರ್ಯದರ್ಶಿಯ ಜೊತೆ ಎಷ್ಟೇ ಜಗಳವಾಡಿದರೂ ಮರುದಿನ ಬೆಳಿಗ್ಗೆ ಅವರು ಅಲ್ಲೇ ಇರುತ್ತಾರೆ. ನಮ್ಮ ನಂಬಿಕೆ ನಿಂತಿರುವುದು ಅದರ ಮೇಲೆ.

ಮೊದಲು ಮಾರುವವನ ಹೆಸರು, ವಿಳಾಸ ನೋಡಿ. ದೊಡ್ಡ ಆ್ಯಪ್‌ಗಳಲ್ಲಿಯೂ ಆ್ಯಪ್ ಒಬ್ಬರದು, ಮಾರುವವನು ಇನ್ನೊಬ್ಬನು. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಮಾರುವವನ ವಿವರವನ್ನೂ ದೂರು ಕೇಳುವ ಅಧಿಕಾರಿಯ ಹೆಸರನ್ನೂ ತೋರಿಸಲೇಬೇಕು. ದೂರು ಬಂದಿದೆ ಎಂದು ಆ ಅಧಿಕಾರಿ 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳಲ್ಲಿ ಪರಿಹರಿಸಬೇಕು. ಇದ್ಯಾವುದೂ ಇಲ್ಲದೆ ಬರೀ ವಾಟ್ಸ್ಆ್ಯಪ್ ನಂಬರ್ ಇದ್ದರೆ ಅಲ್ಲಿಗೇ ಬಿಡಿ.

ಜಿಎಸ್‌ಟಿ ನಂಬರ್ ಕೊಟ್ಟಿದ್ದರೆ ಎಣಿಸಿ. ಅದರಲ್ಲಿ 15 ಅಕ್ಷರ-ಅಂಕೆಗಳಿರಬೇಕು. ಮೊದಲ ಎರಡು ಅಂಕೆ ರಾಜ್ಯದ್ದು: ಅಥಣಿಯ ಅಂಗಡಿಯ ಬಿಲ್ಲಿನಲ್ಲಿ 29, ಮೀರಜ್‌ನದರಲ್ಲಿ 27. ಬೇರೆಯವರ ನಂಬರ್ ಕದ್ದು ಹಾಕುವವರೂ ಇದ್ದಾರೆ. ಆದ್ದರಿಂದ ಓದುವ ಮಕ್ಕಳಿಗೆ ಹೇಳಿ, ಜಿಎಸ್‌ಟಿ ಜಾಲತಾಣದಲ್ಲಿ ಆ ನಂಬರ್ ಯಾರ ಹೆಸರಿನಲ್ಲಿದೆ ಎಂದು ನೋಡಿಸಿ.

ಮೊಬೈಲ್, ಚಾರ್ಜರ್, ಪವರ್ ಬ್ಯಾಂಕ್‌ಗಳ ಮೇಲೆ ಬಿಐಎಸ್ ಗುರುತು ಮತ್ತು ‘ಆರ್’ ಅಕ್ಷರದಿಂದ ಶುರುವಾಗುವ ನಂಬರ್ ಇರಬೇಕು. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ನಂಬರ್ ಹಾಕಿದರೆ ಅದು ಯಾವ ಕಂಪನಿಯದು ಎಂದು ತಿಳಿಯುತ್ತದೆ. ಕಳಪೆ ಚಾರ್ಜರ್ ಬಿಸಿಯಾಗಿ ಕಿಡಿ ಹಾರಿದರೆ ಹೊಟ್ಟು-ಕಣಿಕೆ ಇರುವ ಕೊಟ್ಟಿಗೆಯಲ್ಲಿ ಏನಾಗಬಹುದು ಎಂದು ನಿಮಗೆ ಹೇಳಬೇಕಿಲ್ಲ. ಮೊಬೈಲ್ ಕೈಗೆ ಬಂದ ಕೂಡಲೇ *#06# ಒತ್ತಿ. ತೆರೆಯ ಮೇಲೆ ಬರುವ ಐಎಂಇಐ ನಂಬರ್ ಪೆಟ್ಟಿಗೆಯ ಮೇಲಿನದಕ್ಕೆ ತಾಳೆಯಾಗಬೇಕು.

ಹಣ ಕೊಡುವಾಗಲೂ ಕಣ್ಣಿರಲಿ. ಪಿನ್ ಒತ್ತುವ ಮೊದಲು ಹಣ ಯಾರಿಗೆ ಹೋಗುತ್ತದೆ ಎಂಬ ಹೆಸರು ಕಾಣುತ್ತದೆ. ಅಂಗಡಿಯ ಹೆಸರು ಒಂದು, ಖಾತೆಯ ಹೆಸರು ಇನ್ನೊಂದು ಆಗಿದ್ದರೆ ನಿಲ್ಲಿಸಿ. ‘ಹಣ ವಾಪಸ್ ಹಾಕುತ್ತೇವೆ, ಪಿನ್ ಒತ್ತಿ’ ಎಂದರೆ ಅದು ಎರಡನೆಯ ಮೋಸ. ಹಣ ಬರಲು ಪಿನ್ ಬೇಕಾಗುವುದೇ ಇಲ್ಲ. ಮನೆಗೆ ಬಂದ ಮೇಲೆ ನಗದು ಕೊಟ್ಟರೆ ಸುರಕ್ಷಿತ ಎಂದು ನಾನೂ ನಂಬಿದ್ದೆ. ಪೆಟ್ಟಿಗೆ ಬಿಚ್ಚುವ ಮೊದಲೇ ದುಡ್ಡು ಕೊಟ್ಟಿರುತ್ತೇವಲ್ಲ! ಬಿಚ್ಚುವಾಗ ವಿಡಿಯೊ ಮಾಡಿಸಿಡಿ, ಜಗಳಕ್ಕೆ ಸಾಕ್ಷಿಯಾಗುತ್ತದೆ.

ಇಷ್ಟಾದರೂ ಮೋಸ ಹೋದರೆ ಮುಚ್ಚಿಡಬೇಡಿ. ಹಣ ಕಳಿಸಿದ ಮೇಲೆ ಮಾರುವವನು ಕಾಣೆಯಾದರೆ ತಕ್ಷಣ 1930ಕ್ಕೆ ಫೋನ್ ಮಾಡಿ. ಬೇಗ ಹೇಳಿದಷ್ಟೂ ಆ ಹಣವನ್ನು ತಡೆಹಿಡಿಯುವ ಅವಕಾಶ ಹೆಚ್ಚು. ವಸ್ತು ಕೆಟ್ಟದ್ದಾಗಿದ್ದು ಬದಲಿಸಿಕೊಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಅಂಗಡಿ ದೆಹಲಿಯದೇ ಆಗಿರಲಿ, 2019ರ ಗ್ರಾಹಕ ಕಾಯ್ದೆಯಂತೆ ನಮ್ಮ ಬೆಳಗಾವಿ ಜಿಲ್ಲೆಯಲ್ಲಿಯೇ ದೂರು ಹಾಕಬಹುದು. ₹5 ಲಕ್ಷದವರೆಗಿನ ವಸ್ತುವಿಗೆ ದೂರಿನ ಶುಲ್ಕವಿಲ್ಲ.

ಮನೆಯ ಹಿರಿಯರಿಗೂ ಒಂದು ಮಾತು. ಮೋಸ ಹೋದವಳನ್ನು ಬೈದರೆ ಮುಂದಿನ ಸಲ ಆಕೆ ಹೇಳುವುದಿಲ್ಲ. ಲಾಭ ಮೋಸಗಾರನಿಗೆ. ಗಂಡಸರೂ ಮೋಸ ಹೋಗುತ್ತಾರೆ, ನಮ್ಮಷ್ಟು ಬೈಸಿಕೊಳ್ಳುವುದಿಲ್ಲ ಅಷ್ಟೇ.

ನಮ್ಮ ಸಂಘಗಳಲ್ಲಿ ದರಪಟ್ಟಿಯ ಪಕ್ಕದಲ್ಲಿ 1930 ಮತ್ತು 1915 ಎಂದು ದೊಡ್ಡದಾಗಿ ಬರೆಸೋಣ. ಹಾಲು ಹಾಕಲು ಸಾಲಿನಲ್ಲಿ ನಿಂತಾಗ ಯಾರು ಏನು ತರಿಸಿದರು, ಹೇಗೆ ಬಂತು ಎಂದು ಒಬ್ಬರಿಗೊಬ್ಬರು ಹೇಳೋಣ. ನನ್ನ ಆ ಎರಡು ದೀಪಗಳನ್ನು ನಾನು ಎಸೆದಿಲ್ಲ. ಕೇಳಿದವರಿಗೆಲ್ಲ ತೋರಿಸುತ್ತೇನೆ.