ಹಡಗು ಹೊರಡುವ ಸುದ್ದಿ ಸಂತೆಯಲ್ಲಿ

ವಾಸ್ಕೊದ ನಮ್ಮ ನೆರೆಮನೆಯ ಹುಡುಗ ನೌಕಾದಳದಲ್ಲಿದ್ದಾನೆ. ಮೊನ್ನೆ ಬೈನಾದ ತರಕಾರಿ ಅಂಗಡಿಯಲ್ಲಿ ಅವನ ತಾಯಿ ಸಿಕ್ಕರು. ವಿಜಾಪುರದ ಕಡೆಯವರು. 'ನಾಡಿದ್ದ ಅವನ ಹಡಗು ಹೊಂಟೈತ್ರಿ, ಎರಡು ತಿಂಗ್ಳು ಫೋನ್ ಇಲ್ಲಂತ' ಎಂದು ಗಟ್ಟಿಯಾಗೇ ಹೇಳಿದರು. ಸುತ್ತ ಹತ್ತು ಜನ. ಗೂಢಚಾರನಿಗೆ ಬೇಕಾದದ್ದು ಇಷ್ಟೇ ಅಲ್ಲವೆ?

2019ರ ಡಿಸೆಂಬರ್‌ನಲ್ಲಿ ಆಂಧ್ರ ಪೊಲೀಸರು ಏಳು ಮಂದಿ ನೌಕಾ ಸಿಬ್ಬಂದಿಯನ್ನು ಬಂಧಿಸಿದ್ದನ್ನು ಓದುಗರು ಮರೆತಿರಲಾರರು. ವಿಶಾಖಪಟ್ಟಣ, ಮುಂಬಯಿಗಳ ಜೊತೆ ನಮ್ಮ ಕಾರವಾರದ ಹೆಸರೂ ಬಂತು. ಫೇಸ್‌ಬುಕ್‌ನಲ್ಲಿ ಹೆಣ್ಣಿನ ಹೆಸರಿನ ಸ್ನೇಹ, ಆಮೇಲೆ ಹವಾಲಾ ಹಣ, ಬದಲಿಗೆ ಹಡಗುಗಳ ಓಡಾಟದ ವಿವರ ಎಂಬುದು ಆರೋಪ. ಅದೇ ತಿಂಗಳ ಕೊನೆಗೆ ನೌಕಾದಳ ತನ್ನ ನೆಲೆಗಳಲ್ಲಿ ಸ್ಮಾರ್ಟ್‌ಫೋನ್ ನಿಷೇಧಿಸಿತು. 2020ರ ಜುಲೈನಲ್ಲಿ ಭೂಸೇನೆ 89 ಆ್ಯಪ್‌ಗಳನ್ನು ತೆಗೆದುಹಾಕಲು ಹೇಳಿತು.

ನಿಷೇಧ ಸರಿ, ಆದರೆ ಅದು ತರಬೇತಿಯಲ್ಲ. ಕಡತದ ಮೇಲೆ 'ಅತಿ ರಹಸ್ಯ', 'ರಹಸ್ಯ', 'ಗೋಪ್ಯ' ಎಂದು ಮುದ್ರೆ ಇರುತ್ತದೆ, ಅದನ್ನು ಕಾಯಲು ಕಲಿಸಬಹುದು. ರಜೆಯ ದಿನಾಂಕಕ್ಕೆ ಯಾವ ಮುದ್ರೆ? ಅಮೆರಿಕದ ಸೈನಿಕರು ಬೆಳಗಿನ ಓಟದ ಲೆಕ್ಕವನ್ನು ಸ್ಟ್ರಾವಾ ಎಂಬ ಆ್ಯಪ್‌ಗೆ ಒಪ್ಪಿಸಿದರು. ಅಫ್ಘಾನಿಸ್ತಾನ, ಸಿರಿಯಾಗಳ ಸೇನಾ ನೆಲೆಗಳು ನಕಾಶೆಯ ಮೇಲೆ ಹೊಳೆಯುತ್ತಿರುವುದು 2018ರ ಜನವರಿಯಲ್ಲಿ ಜಗತ್ತಿಗೇ ಕಂಡಿತು. ಓಡಿದವರಾರೂ ಗುಟ್ಟು ಮಾರಿರಲಿಲ್ಲ!

ಇನ್ನು, 2025ರ ಫೆಬ್ರುವರಿಯಲ್ಲಿ ರಾಷ್ಟ್ರೀಯ ತನಿಖಾ ದಳ ಕಾರವಾರದ ಕಡೆಯ ಇಬ್ಬರನ್ನು ಹಿಡಿಯಿತಲ್ಲ, ಅವರು ಸಮವಸ್ತ್ರದವರೇ ಅಲ್ಲ. ನೆಲೆಯೊಳಗೆ ಗುತ್ತಿಗೆ ಕೂಲಿ, ಅಡುಗೆ, ಬಣ್ಣದ ಕೆಲಸಕ್ಕೆ ಹೋಗುವವರು, ಹೊರಗೆ ಕಾಯುವ ಹೆಂಡತಿ ಮಕ್ಕಳು, ಇವರಿಗೆ ಪಾಠ ಹೇಳುವವರಾರು? ಹೇಳಿದರೂ ಕನ್ನಡ, ಕೊಂಕಣಿಯಲ್ಲಿ ಹೇಳಬೇಡವೆ? ಇಂಥದೊಂದು ಗೇಟಿನಲ್ಲಿ ನಾನು ಕಂಡ ಎಚ್ಚರಿಕೆಯ ಫಲಕ ಇಂಗ್ಲಿಷು, ಹಿಂದಿಯಲ್ಲಷ್ಟೇ ಇತ್ತು.

ಮತ್ತೊಂದು ಮಾತು. ಬಲೆಗೆ ಬಿದ್ದ ಹುಡುಗ ಮೊದಲ ದಿನವೇ ಮೇಲಿನವರಿಗೆ ತಿಳಿಸಿದರೆ ಹಾನಿ ಅಲ್ಲಿಗೇ ನಿಲ್ಲುತ್ತದೆ. 1923ರ ಅಧಿಕೃತ ರಹಸ್ಯ ಕಾಯ್ದೆಯ ಹೆದರಿಕೆಯೊಂದನ್ನೇ ಕಲಿಸಿದರೆ ಅವನು ಬಾಯಿ ಬಿಡುವುದಿಲ್ಲ, ಎರಡನೆಯ ಸಂದೇಶಕ್ಕೂ ಉತ್ತರ ಬರೆಯುತ್ತಾನೆ. ತಪ್ಪೊಪ್ಪಿಕೊಂಡವನಿಗೆ ರಿಯಾಯಿತಿ ಉಂಟು ಎಂಬುದು ತರಬೇತಿಯ ಮೊದಲ ಪಾಠವಾಗಬೇಕೆಂದು ನನ್ನ ಅಭಿಪ್ರಾಯ.

ಆ ತಾಯಿಗೆ ಮೆಲ್ಲಗೆ ಇದನ್ನೇ ಹೇಳಿದೆ. ಗಾಬರಿಯಾದರು. 'ಹಂಗಾರ ಕೇಳಿದವ್ರಿಗೆ ಏನ್ ಹೇಳ್ಬೇಕ್ರಿ?' ಎಂದರು. 'ಡ್ಯೂಟಿ ಮ್ಯಾಲೆ ಅದಾನ ಅನ್ರಿ ಅಕ್ಕಾರ, ಸಾಕು' ಎಂದೆ.