ಬೈಗುಳ ಲಿನಕ್ಸಿಗೆ, ತೊಂದರೆ ಬೇರೆ ಕಡೆ

ರೆಕಾರ್ಡ್ ಸಬ್ಮಿಷನ್ ದಿನ ಲ್ಯಾಬ್ ಪ್ರಿಂಟರ್ ಕೈಕೊಟ್ಟರೆ ಎಲ್ಲರದ್ದೂ ಒಂದೇ ಮಾತು: "ಲಿನಕ್ಸ್ ಸರ್ವರ್ ಹಾಕಿದ್ದೇ ತಪ್ಪು." ಹಾಗಂದು ಗೇಟಿನಾಚೆ ಜೆರಾಕ್ಸ್ ಅಂಗಡಿಗೆ ಓಡಿದವರಲ್ಲಿ ನಾನೂ ಒಬ್ಬ. ಆಮೇಲೆ ಸರ್ವರ್‌ನ ಕಪ್ಸ್‌ನಿಂದಲೇ ಟೆಸ್ಟ್ ಪೇಜ್ ಕೊಟ್ಟು ನೋಡಿದ್ವಿ, ಆರಾಮಾಗಿ ಬಂತು! ಸಿಕ್ಕಿಹಾಕ್ಕೊಂಡಿದ್ದು ವಿಂಡೋಸ್ ಕಡೆ, ಅಡ್ಮಿನ್ ಪಾಸ್‌ವರ್ಡ್ ಕೇಳ್ತಾ. ನಮ್ಮ ಸರ್ವರ್ ಸಾಂಬಾ ಮೂಲಕ ಪ್ರಿಂಟರ್ ಹಂಚುತ್ತೆ, ಡ್ರೈವರನ್ನೂ ಅದೇ ಕೊಡುತ್ತೆ. ಹೀಗೆ ಸರ್ವರ್‌ನಿಂದ ಡ್ರೈವರ್ ಇಳಿಸಿಕೊಳ್ಳೋಕೆ 2021ರ ಆಗಸ್ಟ್ ಅಪ್‌ಡೇಟ್‌ನಲ್ಲಿ ಮೈಕ್ರೋಸಾಫ್ಟ್ ಅಡ್ಮಿನ್ ಹಕ್ಕು ಕಡ್ಡಾಯ ಮಾಡಿತು. ಭದ್ರತೆಗಾಗಿ ಮಾಡಿದ್ದು, ಸರಿಯೇ. ಅದನ್ನ ರಿಜಿಸ್ಟ್ರಿಯಲ್ಲಿ ಆಫ್ ಮಾಡೋದು, ನಮ್ಮ ಸೀನಿಯರ್‌ಗಳ ಮೆಚ್ಚಿನ ಮದ್ದು, ಕಳ್ಳನ ಕೈಗೆ ಬೀಗದ ಕೈ ಕೊಟ್ಟ ಹಾಗೆ.

ನನ್ನ ಪ್ರಕಾರ ಪ್ರಿಂಟಿಂಗ್‌ಗೆ ಸಾಂಬಾ ಬಿಟ್ಟುಬಿಡಬೇಕು. ಕಪ್ಸ್ ಬಳಸೋ ಐಪಿಪಿ ವಿಂಡೋಸಿಗೂ ಬರುತ್ತೆ. ಕಪ್ಸ್‌ನಲ್ಲಿ ಶೇರಿಂಗ್ ಆನ್ ಮಾಡಿ, ಲ್ಯಾಬ್ ಅಡ್ಮಿನ್ ಒಮ್ಮೆ ಎಲ್ಲಾ ಮಷೀನಿಗೂ ಡ್ರೈವರ್ ಹಾಕಿ, ಸರ್ವರ್‌ನ 631ನೇ ಪೋರ್ಟ್‌ನ ವಿಳಾಸ ಕೊಟ್ಟರಾಯ್ತು. ಸರ್ವರ್ ಫೈರ್‌ವಾಲ್‌ನಲ್ಲಿ ಆ ಪೋರ್ಟ್ ಲ್ಯಾಬ್ ನೆಟ್‌ವರ್ಕಿಗಷ್ಟೇ ತೆರೆದಿರಲಿ. ಒಂದು ಶನಿವಾರದ ಕೆಲಸ. ಅಡ್ಮಿನ್ ಸರ್ ಒಪ್ಪಿದರೆ ಕೈಜೋಡಿಸೋಕೆ ನಾನು ರೆಡಿ, ಮುಂದಿನ ಸಬ್ಮಿಷನ್‌ಗೆ ಮೊದಲು.