ದಿಬ್ಬದಾಚೆ ಬಿದ್ದವರ ಪರವಾಗಿ ಒಂದು ಮನವಿ

ಇವರಿಗೆ,
ಮಾನ್ಯ ಆಯುಕ್ತರು,
ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ,
ಬೆಂಗಳೂರು

ವಿಷಯ: ಮೋಟೋಕ್ರಾಸ್ ಮತ್ತು ಡರ್ಟ್ ರೇಸ್‌ಗಳಲ್ಲಿ ಸವಾರರ ಸುರಕ್ಷತೆಗೆ ಕಡ್ಡಾಯ ನಿಯಮಗಳನ್ನು ಕೋರಿ.

ಮಾನ್ಯರೇ,

ಮೋಟೋಕ್ರಾಸ್‌ನಲ್ಲಿ ಬೀಳದ ಸವಾರನಿಲ್ಲ. ಅದನ್ನು ಸವಾರರು ಒಪ್ಪಿದ್ದಾರೆ. ಅರೆಮನಸ್ಸಿನಿಂದಾದರೂ ಅವರ ತಂದೆ ತಾಯಿಯರೂ ಒಪ್ಪಿದ್ದಾರೆ. ಆದರೆ ಬಿದ್ದವನ ಮೇಲೆ ಹಿಂದಿನವನ ಬೈಕ್ ಬಂದು ಇಳಿದರೆ ಅದಕ್ಕೆ ಆಯೋಜಕರು ಉತ್ತರ ಹೇಳಬೇಕಾಗುತ್ತದೆ. ಸಹಿ ಹಾಕಿರುವ ಸವಾರರು ಮತ್ತು ಪೋಷಕರ ಬೇಡಿಕೆಗಳೆಲ್ಲ ಇಲ್ಲಿಂದಲೇ ಹೊರಡುತ್ತವೆ.

ಟೇಬಲ್‌ಟಾಪ್ ಎಂದು ಕರೆಯುವ ಮಣ್ಣಿನ ದಿಬ್ಬವನ್ನೇ ತೆಗೆದುಕೊಳ್ಳಬಹುದು. ಅದನ್ನು ಏರುತ್ತಿರುವ ಸವಾರನ ಕಣ್ಣಿಗೆ ಬೀಳುವುದು ಎದುರಿನ ಮಣ್ಣು, ಅದರ ಮೇಲೆ ಆಕಾಶ. ಇಳಿಯುವ ಜಾಗ ಕಾಣಿಸುವ ಹೊತ್ತಿಗೆ ಬೈಕ್ ಗಾಳಿಯಲ್ಲಿರುತ್ತದೆ, ಅಲ್ಲಿ ಬ್ರೇಕ್ ಹಿಡಿದು ಪ್ರಯೋಜನವಿಲ್ಲ. ಆಚೆ ಯಾರಾದರೂ ಬಿದ್ದಿದ್ದಾರೆಯೇ ಎಂದು ಅವನಿಗೆ ಹೇಳಬಲ್ಲವನು ಪಕ್ಕದಲ್ಲಿ ಹಳದಿ ಬಾವುಟ ಹಿಡಿದು ನಿಂತ ಮಾರ್ಷಲ್ ಒಬ್ಬನೇ. ಜಿಲ್ಲೆಗಳ ಡರ್ಟ್ ರೇಸ್‌ಗಳಲ್ಲಿ ಆ ಜಾಗದಲ್ಲಿರುವವನು ಎಷ್ಟೋ ಸಲ ಅಂದು ಬೆಳಿಗ್ಗೆಯಷ್ಟೇ ಟೀ ಶರ್ಟ್ ಹಾಕಿಸಿಕೊಂಡ ಕಾಲೇಜು ಹುಡುಗ. ಒಂದು ಕೈಯಲ್ಲಿ ಬಾವುಟ, ಇನ್ನೊಂದರಲ್ಲಿ ವಿಡಿಯೊ ಮಾಡುತ್ತಿರುವ ಮೊಬೈಲ್. ಮಧ್ಯಾಹ್ನದ ಹೊತ್ತಿಗೆ ಟ್ಯಾಂಕರ್ ನೀರು ಖಾಲಿಯಾಗಿ ಧೂಳೆದ್ದಿತೆಂದರೆ ಆ ಬಾವುಟವೂ ಕಾಣುವುದಿಲ್ಲ.

ಅಮೆರಿಕದ ಮೋಟೋಕ್ರಾಸ್‌ನಲ್ಲಿ ಕೆಂಪು ಶಿಲುಬೆಯ ಬಿಳಿ ಬಾವುಟ ಕಂಡರೆ ಸವಾರ ಆ ದಿಬ್ಬವನ್ನು ಹಾರುವಂತಿಲ್ಲ. ಚಕ್ರ ನೆಲ ಬಿಡದಂತೆ ದಾಟಬೇಕು, ಮೀರಿದರೆ ದಂಡನೆ. ಇಲ್ಲಿಯೂ ಅದೇ ನಿಯಮ ಬರಲಿ. ಆಚೆಬದಿ ಕಾಣದ ಪ್ರತಿ ದಿಬ್ಬಕ್ಕೂ ತರಬೇತಿ ಪಡೆದ ಮಾರ್ಷಲ್ ಇರಬೇಕು. ಪ್ರತಿ ಸುತ್ತಿನ ರೇಸ್‌ಗೆ ಮುನ್ನ ನೀರು ಹಾಯಿಸಬೇಕು, ಬಾವುಟ ಕಾಣದಷ್ಟು ಧೂಳಿದ್ದರೆ ರೇಸ್ ನಿಲ್ಲಬೇಕು.

ಎರಡನೆಯದು ವೈದ್ಯರ ಮಾತು. 2015ರಲ್ಲಿ ಡಾಕರ್ ರ‍್ಯಾಲಿ ಪೂರೈಸಿದ ಮೊದಲ ಭಾರತೀಯ, ಬೆಂಗಳೂರಿನ ಸಿ.ಎಸ್. ಸಂತೋಷ್, 2021ರ ಜನವರಿಯಲ್ಲಿ ಸೌದಿ ಅರೇಬಿಯದ ಅದೇ ರ‍್ಯಾಲಿಯಲ್ಲಿ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡರು. ಹೆಲಿಕಾಪ್ಟರ್ ಅವರನ್ನು ಮರುಭೂಮಿಯಿಂದ ರಿಯಾದ್‌ನ ಆಸ್ಪತ್ರೆಗೆ ಒಯ್ದಿತು. ಔಷಧಿ ಕೊಟ್ಟು ಕೋಮಾದಲ್ಲಿಟ್ಟು ಚಿಕಿತ್ಸೆ ನೀಡಿದರು, ಅವರು ಬದುಕಿ ಬಂದರು. ಬೆಂಗಳೂರಿನವರೇ ಆದ ಐಶ್ವರ್ಯಾ ಪಿಸ್ಸೆ 2018ರಲ್ಲಿ ಸ್ಪೇನ್‌ನ ಬಾಹಾ ಅರಗಾನ್ ರ‍್ಯಾಲಿಯಲ್ಲಿ ಬಿದ್ದಾಗ ಮೇದೋಜೀರಕ ಗ್ರಂಥಿ ಹರಿದಿತ್ತು. ಮರುವರ್ಷ ಅವರು ಬಾಹಾ ವಿಶ್ವಕಪ್‌ನ ಮಹಿಳಾ ವಿಭಾಗ ಗೆದ್ದರು. ಹೊಟ್ಟೆಯೊಳಗಿನ ಇಂಥ ಪೆಟ್ಟು ಪ್ರಥಮ ಚಿಕಿತ್ಸೆಯ ಡಬ್ಬಿ ಹಿಡಿದವರಿಗೆ ಗೊತ್ತಾಗುವಂಥದಲ್ಲ.

ಆದ್ದರಿಂದ ತುರ್ತು ಚಿಕಿತ್ಸೆ ಬಲ್ಲ ವೈದ್ಯರು ಟ್ರ್ಯಾಕ್ ಪಕ್ಕದಲ್ಲೇ ಇರಬೇಕು. ಇದ್ದೊಂದು ಆಂಬುಲೆನ್ಸ್ ಗಾಯಾಳುವನ್ನು ಕರೆದೊಯ್ದರೆ, ಅದು ಹಿಂತಿರುಗುವವರೆಗೆ ಮುಂದಿನ ರೇಸ್ ಶುರುವಾಗಕೂಡದು. ತಲೆಗೆ ಪೆಟ್ಟು ಬಿದ್ದ ಶಂಕೆಯಿದ್ದರೆ ಆ ಸವಾರ ಅಂದು ಮತ್ತೆ ಬೈಕ್ ಹತ್ತುವಂತಿಲ್ಲ. ಇದರಲ್ಲಿ ವೈದ್ಯರದೇ ಕೊನೆಯ ಮಾತು. ಪ್ರಾಯೋಜಕರದ್ದೂ ಅಲ್ಲ, ಮಗನಿಗಿಂತ ಹೆಚ್ಚು ಉತ್ಸಾಹದಲ್ಲಿರುವ ಅಪ್ಪನದ್ದೂ ಅಲ್ಲ.

ಹೆಲ್ಮೆಟ್ ವಿಷಯದಲ್ಲಿ ಸುಳ್ಳು ಧೈರ್ಯವೇ ಹೆಚ್ಚು. 2021ರ ಜೂನ್‌ನಿಂದ ದೇಶದಲ್ಲಿ ಕಡ್ಡಾಯವಾಗಿರುವ ಐಎಸ್‌ಐ ಗುರುತು ರಸ್ತೆ ಸವಾರಿಯನ್ನು ಗಮನದಲ್ಲಿಟ್ಟುಕೊಂಡದ್ದು. ಅಂತರರಾಷ್ಟ್ರೀಯ ಮೋಟಾರ್‌ಸೈಕಲ್ ಒಕ್ಕೂಟ ತನ್ನ ರೇಸ್‌ಗಳ ಹೆಲ್ಮೆಟ್‌ಗಳಿಗೆ ಓರೆಯಾಗಿ ಬೀಳುವ ಹೊಡೆತದ ಪರೀಕ್ಷೆಯನ್ನೂ ನಡೆಸುತ್ತದೆ, ಏಕೆಂದರೆ ತಲೆ ತಿರುಚಿಕೊಂಡಾಗ ಮೆದುಳಿಗೆ ಆಗುವ ಹಾನಿ ದೊಡ್ಡದು. ದಕ್ಷಿಣ ಆಫ್ರಿಕದ ವೈದ್ಯ ಕ್ರಿಸ್ ಲಿಯಟ್ 2001ರಲ್ಲಿ ಸವಾರರೊಬ್ಬರ ಸಾವನ್ನು ಕಂಡ ಬಳಿಕ ರೂಪಿಸಿದ, ಕತ್ತನ್ನು ಕಾಯುವ ನೆಕ್ ಬ್ರೇಸ್ ಇಂದು ಎಲ್ಲೆಡೆ ಸಿಗುತ್ತದೆ, ಬೆಲೆ ಮಾತ್ರ ಹಳ್ಳಿಯ ಹುಡುಗರ ಕೈಗೆಟುಕುವುದಿಲ್ಲ. ಬರೀ ಕಡ್ಡಾಯವೆಂದು ಆದೇಶಿಸಿದರೆ ಅವರು ಅನುಮತಿಯಿಲ್ಲದ ರೇಸ್‌ಗಳತ್ತ ಹೋದಾರು. ಹೆಲ್ಮೆಟ್, ಬ್ರೇಸ್, ಎದೆಗಾಪುಗಳನ್ನು ಕಡಿಮೆ ಬಾಡಿಗೆಗೆ ಕೊಡುವ ವ್ಯವಸ್ಥೆಯನ್ನು ಇಲಾಖೆಯೇ ಮಾಡಲಿ.

ಮಕ್ಕಳ ವಿಷಯ ಇನ್ನೂ ಕಾಯುವಂತಿಲ್ಲ. 2023ರ ಆಗಸ್ಟ್‌ನಲ್ಲಿ ಚೆನ್ನೈ ಬಳಿಯ ಟ್ರ್ಯಾಕ್‌ನಲ್ಲಿ ಬೆಂಗಳೂರಿನ 13 ವರ್ಷದ ಹುಡುಗ ರೇಸ್ ನಡುವೆ ಬಿದ್ದು ತೀರಿಕೊಂಡ. ಅದು ಡಾಂಬರು ಟ್ರ್ಯಾಕ್, ಮೋಟೋಕ್ರಾಸ್ ಅಲ್ಲ. ಆದರೆ ಯಾವ ವಯಸ್ಸಿಗೆ ಎಷ್ಟು ಸಿಸಿ ಎಂಬ ಪ್ರಶ್ನೆ ಎರಡೂ ಕಡೆ ಒಂದೇ. ಕಿರಿಯರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 65, 85, 125 ಸಿಸಿ ಎಂದು ಬೇರೆ ಬೇರೆ ವರ್ಗಗಳಿವೆ. ಊರ ಹಬ್ಬದ ರೇಸ್‌ನಲ್ಲಿ ಹುಡುಗನೂ ಪಳಗಿದ ಸವಾರನೂ ಒಂದೇ ಗೆರೆಯಲ್ಲಿ ನಿಲ್ಲುವುದು ತಪ್ಪಬೇಕು.

ಇಷ್ಟನ್ನೂ ಜಾರಿಗೆ ತರುವವರಾರು? ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್ ಸರ್ಕಾರದ ಲಿಖಿತ ಒಪ್ಪಿಗೆಯಿಲ್ಲದ ರೇಸನ್ನು ನಿಷೇಧಿಸುವುದು ಸಾರ್ವಜನಿಕ ಸ್ಥಳಗಳಲ್ಲಿ. ಯಾರದೋ ಖಾಸಗಿ ಜಮೀನಿನಲ್ಲಿ ಜೆಸಿಬಿ ತಂದು ದಿಬ್ಬ ಕಟ್ಟಿ ಟಿಕೆಟ್ ಮಾರಿದರೆ ಆ ಸೆಕ್ಷನ್‌ನ ಹಿಡಿತ ಸಡಿಲ. ರಾಷ್ಟ್ರೀಯ ಮೋಟಾರ್ ಸ್ಪೋರ್ಟ್ಸ್ ಒಕ್ಕೂಟದ ಪರವಾನಗಿ, ಟ್ರ್ಯಾಕ್ ತಪಾಸಣೆಯ ವರದಿ, ಪ್ರತಿ ಸವಾರನ ವಿಮೆ ಇವಿಲ್ಲದೆ ಜಿಲ್ಲಾಡಳಿತ ಅನುಮತಿ ಕೊಡದಂತೆ ಸರ್ಕಾರ ಸುತ್ತೋಲೆ ಹೊರಡಿಸಬೇಕು.

ಮಳೆ ನಿಂತು ಮೈದಾನಗಳು ಒಣಗುತ್ತಲೇ ರೇಸ್‌ಗಳು ಶುರುವಾಗುತ್ತವೆ. ಅದಕ್ಕೆ ಮೊದಲು ಸವಾರರು, ಆಯೋಜಕರು, ವೈದ್ಯರು ಮತ್ತು ಪೊಲೀಸರನ್ನು ಒಟ್ಟಿಗೆ ಕೂರಿಸಿ ಸಭೆ ಕರೆಯಬೇಕೆಂದು ಮನವಿದಾರರು ಕೋರುತ್ತಾರೆ.


ಸಹಿ ಹಾಕಿದ ಸವಾರರು ಮತ್ತು ಪೋಷಕರು